ಇದು ಬರೀ ಜ್ವರ ಅಲ್ಲ!

ನೋಡಿ, ನಾನು ಡಾಕ್ಟರ್ ಅಲ್ಲ. ಆದರೂ ಬಾದಾಮಿ, ಹುನಗುಂದ, ಇಳಕಲ್ಲಿನ ತಾಯಂದಿರಿಗೆ ಇವತ್ತು ಒಂದು ಮಾತು ಹೇಳಲೇಬೇಕು. ಕೂಸಿಗೆ ಜ್ವರ ಬರುತ್ತೆ. ಕೆಮ್ಮಿಲ್ಲ, ನೆಗಡಿಯಿಲ್ಲ. ಔಷಧಿ ಕೊಟ್ಟರೆ ಇಳಿಯುತ್ತೆ, ಮತ್ತೆ ಬರುತ್ತೆ. ಹಲ್ಲು ಬರ್ತಿರಬೇಕು, ದೃಷ್ಟಿ ಆಗಿರಬೇಕು ಅಂತ ನಾವು ಸುಮ್ಮನಾಗ್ತೀವಿ.

ಕೆಲವೊಮ್ಮೆ ಕಾರಣ ಹುಟ್ಟಿನಿಂದ ಬಂದ ಮೂತ್ರನಾಳದ ದೋಷ. ಕಿಡ್ನಿಯಿಂದ ಮೂತ್ರಚೀಲಕ್ಕೆ ಇಳಿಯುವ ಈ ನಾಳ ಕೆಲವು ಮಕ್ಕಳಲ್ಲಿ ಕಿರಿದಾಗಿರುತ್ತದೆ. ಕೆಲವರಲ್ಲಿ ಒಂದರ ಬದಲು ಎರಡಿರುತ್ತವೆ. ಇನ್ನು ಕೆಲವರಲ್ಲಿ ಮೂತ್ರ ವಾಪಸ್ ಮೇಲಕ್ಕೆ ಹೋಗುತ್ತದೆ. ಸೋಂಕು ಕಿಡ್ನಿಗೆ ತಗುಲಿದರೆ ಅಲ್ಲಿ ಶಾಶ್ವತ ಕಲೆ ಉಳಿಯಬಹುದು.

ಹಾಗಾದರೆ ಪತ್ತೆ ಹೇಗೆ? ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಮೂತ್ರ ಪರೀಕ್ಷೆ. ಆಮೇಲೆ ಅಲ್ಟ್ರಾಸೌಂಡ್, ನೋವಿಲ್ಲ, ವಿಕಿರಣವಿಲ್ಲ. ಊತ ಕಾಣುತ್ತದೆ, ಆದರೆ ಮೂತ್ರ ಹಿಂದಕ್ಕೆ ಹೋಗುವುದು ತಪ್ಪಿಸಿಕೊಳ್ಳಬಹುದು. ಸಂಶಯ ಉಳಿದರೆ ಎಂಸಿಯು: ಸಣ್ಣ ನಳಿಕೆಯಿಂದ ಮೂತ್ರಚೀಲಕ್ಕೆ ದ್ರವ ತುಂಬಿ, ಮಗು ಮೂತ್ರ ಮಾಡುವಾಗ ಎಕ್ಸರೇ ತೆಗೆಯುತ್ತಾರೆ. ಕಿಡ್ನಿಯ ಕಲೆ ನೋಡಲು ಡಿಎಂಎಸ್ಎ ಸ್ಕ್ಯಾನ್. ಎಲ್ಲ ಮಕ್ಕಳಿಗೂ ಎಲ್ಲವೂ ಬೇಡ.

ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಗೆ ಹೋಗಲಿ, ಬೇರೆಲ್ಲಿಗೇ ಹೋಗಲಿ, ಬಸುರಿದ್ದಾಗ ಮಾಡಿಸಿದ ಸ್ಕ್ಯಾನ್ ಫೈಲ್ ಒಯ್ಯಿರಿ. ಐದನೇ ತಿಂಗಳ ಸ್ಕ್ಯಾನಿನಲ್ಲೇ ಕಿಡ್ನಿ ಊತದ ಸುಳಿವು ಸಿಕ್ಕಿರಬಹುದು. ಹುಟ್ಟಿದ ಮೊದಲೆರಡು ದಿನ ಕೂಸಿಗೆ ಮೂತ್ರ ಕಡಿಮೆ, ಆಗಿನ ಸ್ಕ್ಯಾನಿನಲ್ಲಿ ಊತ ಕಾಣದೇ ಹೋಗಬಹುದು. ಫೈಲ್ ಎಸೀಬೇಡಿ. ಅದು ಮಗುವಿನ ಮೊದಲ ದಾಖಲೆ.