ಸೋದೆಯ ಅರಸ ಹೇಡಿಯೇ?

"ಹೈದರ ಬಂದ, ಸೋದೆ ಅರಸ ಗೋವೆಗೆ ಓಡಿದ." ಉತ್ತರ ಕನ್ನಡದ ನಿಲ್ಕುಂದದಿಂದ ಯಲ್ಲಾಪುರದವರೆಗೆ, ಸೋದೆಯ ಆ ಅರಸ ಇಮ್ಮಡಿ ಸದಾಶಿವನ ಕಥೆಯನ್ನು ನಾವು ಇಷ್ಟರಲ್ಲೇ ಮುಗಿಸಿಬಿಡುತ್ತೇವೆ. ಹೋದದ್ದು ನಿಜ. ಹೇಡಿತನ ನಾವು ಸೇರಿಸಿದ್ದು.

ಅವನ ನೆರೆಹೊರೆ ನೋಡಿ. ತೆಂಕಣಕ್ಕೆ ಬಿದನೂರು, ಬಡಗಣಕ್ಕೆ ಮರಾಠರು, ಕಡಲ ಬದಿಗೆ ಪೋರ್ಚುಗೀಸರು. ನಡುವೆ ಎಲ್ಲರ ಕಣ್ಣೂ ಬಿದ್ದಿದ್ದ ಸೋದೆಯ ಕಾಳುಮೆಣಸು. ಮರಾಠರಿಗೆ ಕಪ್ಪ ಕೊಡುತ್ತಿದ್ದಾಗಲೇ, 1752ರಲ್ಲಿ ಪೋರ್ಚುಗೀಸರು ಕಾಳಿ ನದಿ ಕಡಲು ಸೇರುವಲ್ಲಿನ ಸದಾಶಿವಗಡವನ್ನು ಕಿತ್ತುಕೊಂಡರು. ಆ ಗಡವನ್ನು ಶಿವಾಜಿ ಕಟ್ಟಿಸಿದನೆಂಬ ನಂಬಿಕೆಯೂ ತಪ್ಪು. ಶಿವಾಜಿ ತೀರಿಕೊಂಡದ್ದು 1680ರಲ್ಲಿ. ಗಡಕ್ಕೆ ತನ್ನ ತಂದೆ ಸದಾಶಿವನ ಹೆಸರಿಟ್ಟ ಸೋದೆಯ ಬಸವಲಿಂಗ ಪಟ್ಟಕ್ಕೆ ಬಂದದ್ದೇ 1697ರಲ್ಲಿ.

ಸೋದೆಗೆ ಬೆಂಕಿ ತಾಗಿದ್ದು ಪಕ್ಕದ ಮನೆಯ ಜಗಳದಿಂದ. ಬಿದನೂರಿನಲ್ಲಿ ರಾಣಿ ವೀರಮ್ಮಾಜಿಯ ವಿರುದ್ಧ ಒಬ್ಬ ಎದ್ದ. ಸತ್ತನೆಂದು ಎಣಿಸಿದ್ದ ಅಲ್ಲಿನ ಅರಸ ಚೆನ್ನಬಸವ ತಾನೇ ಎಂದು ಹೇಳಿಕೊಂಡು ಮೈಸೂರಿನ ಹೈದರ ಅಲಿಯ ಬೆಂಬಲ ಕೇಳಿದ. ನ್ಯಾಯ ಮಾಡಲು ಬಂದ ಹೈದರ 1763ರಲ್ಲಿ ಬಿದನೂರನ್ನು ತಾನೇ ಇಟ್ಟುಕೊಂಡ. ಮರುವರ್ಷದ ಹೊತ್ತಿಗೆ ಸೋದೆಯೂ ಹಾಳಾಯಿತು.

"ಪೋರ್ಚುಗೀಸರಿಗೆ ರಾಜ್ಯ ಮಾರಿಕೊಂಡ" ಎನ್ನುವವರಿದ್ದಾರೆ. ಘಟ್ಟದ ಮೇಲಿನದು ಆಗಲೇ ಕೈಬಿಟ್ಟಿತ್ತು. ಕೆಳಗಿನ ಕಾಣಕೋಣ, ಪಂಚಮಹಲು, ಕಾಬೊ ದಿ ರಾಮಾ ಕೋಟೆ ಹೈದರನ ಪಾಲಾಗದಿರಲೆಂದು ಪೋರ್ಚುಗೀಸರ ವಶಕ್ಕೆ ಒಪ್ಪಿಸಿ, ಬದಲಿಗೆ ಆಶ್ರಯ ಪಡೆದ. ಪೂರ್ತಿ ಬಿಟ್ಟುಕೊಟ್ಟ ಕರಾರು ಆದದ್ದು 1791ರಲ್ಲಿ. ಸೋದೆ ಹಾಳಾದಾಗ, ಹನ್ನೆರಡು ವರ್ಷಗಳ ಹಿಂದೆ ತನ್ನ ಕೋಟೆ ಕಿತ್ತವರ ಬಾಗಿಲಿಗೇ ಹೋಗಿ ನಿಲ್ಲಲು ಎಂಥ ಸಂಕಟ ಬೇಕು! ಹಾಗೆಂದು ಅವನದು ಎಲ್ಲವೂ ಸರಿ ಎನ್ನಲಾರೆ. ಅರಸ ಘಟ್ಟ ಇಳಿದ, ತೋಟದವರೂ ಗದ್ದೆಯವರೂ ಹೊಸ ಒಡೆಯನ ಕೈಯಲ್ಲಿ ಉಳಿದರು.

ಸೋದೆಯ, ಅಂದರೆ ಸೋಂದೆಯ, ಕೋಟೆಯಲ್ಲಿ ಸುಮಾರು 12 ಅಡಿ ಚೌಕದ, ಅರ್ಧ ಅಡಿ ದಪ್ಪದ ನುಣುಪಾದ ಕಲ್ಲುಚಪ್ಪಡಿಯೊಂದಿದೆ, ಐದು ಗಿಡ್ಡ ಕೆತ್ತನೆಯ ಕಂಬಗಳ ಮೇಲೆ. ಜನ ಅದನ್ನು ಸಿಂಹಾಸನ ಎನ್ನುತ್ತಾರೆ. ಅದರಲ್ಲಿ ಕೂರಬೇಕಿದ್ದವರು ಗೋವೆಯ ಫೋಂಡಾ ಬಳಿಯ ನಾಗೇಶಿಯಲ್ಲಿ ನೆಲೆನಿಂತರು. ಅಲ್ಲಿಯವರ ಬಾಯಲ್ಲಿ ಆ ಮನೆತನ ಇವತ್ತಿಗೂ ಸೌಂದೇಕರರದು.