ಬಿಸಿಲಿನಲ್ಲಿ ಗಾಳಿ ತೊಳೆಯುವ ಲೇಪನ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಬಿಸಿಲಿಗೆ ಕೊರತೆಯಿಲ್ಲ. ಆ ಬಿಸಿಲಿನಿಂದಲೇ ಹೊಗೆಯ ಅನಿಲವನ್ನು ಕಡಿಮೆ ಮಾಡುವ ಗೋಡೆಬಣ್ಣಗಳು ಬಳಕೆಗೆ ಬಂದಿವೆ. ಅವುಗಳಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ತಿಳಿದು ಹಣ ಹಾಕುವುದು ಲೇಸು.

ಇವುಗಳ ಜೀವಾಳ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ. ಕೇರಳದ ಕಡಲತೀರದ ಕರಿ ಮರಳಿನಲ್ಲಿ ಇದರ ಅದಿರು ದೊರೆಯುತ್ತದೆ. ಸೂರ್ಯನ ನೇರಳಾತೀತ ಕಿರಣ ತಗುಲಿದಾಗ ಈ ಪುಡಿಯು ಗಾಳಿಯ ತೇವ ಮತ್ತು ಆಮ್ಲಜನಕದಿಂದ ಬಲು ಚುರುಕಾದ ಕಣಗಳನ್ನು ಉಂಟುಮಾಡುತ್ತದೆ. ವಾಹನದ ಹೊಗೆಯಲ್ಲಿನ ಸಾರಜನಕದ ಆಕ್ಸೈಡುಗಳು ಗೋಡೆಗೆ ತಾಗಿದರೆ, ಅವು ನೈಟ್ರೇಟಾಗಿ ಮಾರ್ಪಡುತ್ತವೆ. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನಲ್ಲಿ ಕೊನೆಗೆ ತಾಳುವ ರೂಪವೂ ಇದೇ. ಗೋಡೆಯ ನೈಟ್ರೇಟನ್ನು ಮಳೆ ತೊಳೆದೊಯ್ಯುತ್ತದೆ. ಪುಡಿ ಮಾತ್ರ ಖರ್ಚಾಗದು.

ಈ ಪುಡಿಯ ಸಹಾಯದಿಂದ ಬೆಳಕು ನೀರನ್ನು ಒಡೆಯಬಲ್ಲದೆಂದು ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿರಿಧರ್ ಮದ್ರಾಸ್, ಎಂ. ಎಸ್. ಹೆಗಡೆ ಮತ್ತು ಸಂಗಡಿಗರು ದಹನ ವಿಧಾನದಿಂದ ಅತಿ ಸೂಕ್ಷ್ಮ ಪುಡಿ ತಯಾರಿಸಿ, ನೀರಿನಲ್ಲಿ ಕರಗಿದ ಬಟ್ಟೆಬಣ್ಣಗಳನ್ನು ಬೆಳಕಿನಲ್ಲಿ ನಾಶಪಡಿಸಿ ತೋರಿಸಿದರು. ನೇಕಾರಿಕೆಯ ಬೆಟಗೇರಿಗೆ ಇದು ಗಮನಿಸತಕ್ಕ ಸಂಗತಿ.

ಹಾಗಾದರೆ ಎಲ್ಲ ಬಿಳಿ ಬಣ್ಣವೂ ಗಾಳಿ ತೊಳೆಯಬೇಕಲ್ಲ ಎಂದು ಕೇಳಬಹುದು. ಮಾಮೂಲಿ ಬಣ್ಣದಲ್ಲಿಯೂ ಈ ಪುಡಿ ಇರುವುದು ನಿಜ. ಆದರೆ ಅದರ ಚುರುಕು ಬಣ್ಣದ ಅಂಟನ್ನೇ ತಿಂದುಹಾಕುವುದರಿಂದ, ಕಾರ್ಖಾನೆಯಲ್ಲಿ ಕಣಗಳಿಗೆ ಬೇರೆ ಹೊದಿಕೆ ಕೊಟ್ಟು ಅದನ್ನು ಅಡಗಿಸಿರುತ್ತಾರೆ. ಹಳೆಯ ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಹತ್ತುವುದಕ್ಕೆ ಬಿಸಿಲಿನ ಈ ಕೆಲಸವೂ ಒಂದು ಕಾರಣ.

ಇನ್ನು ಮಿತಿಗಳು. ಗೋಡೆಗೆ ತಾಗಿದ ಗಾಳಿಯಷ್ಟೇ ಶುದ್ಧವಾಗುತ್ತದೆ. ಬಯಲಿನ ಗಾಳಿ ಬೀಸಿ ಹೋಗಿಬಿಡುತ್ತದೆ. ಬೀದಿಗಳಲ್ಲಿ ಹೇಳಿಕೊಳ್ಳುವಂಥ ಪರಿಣಾಮಕ್ಕೆ ಪುರಾವೆ ಸಾಲದೆಂದು ಬ್ರಿಟನ್ನಿನ ಸರ್ಕಾರಿ ತಜ್ಞರ ಸಮಿತಿ 2016ರಲ್ಲಿ ವರದಿ ಮಾಡಿತು. ನಮ್ಮ ಕಡೆ ಇನ್ನೊಂದು ತೊಡಕಿದೆ. ಹಿಂಗಾರಿ ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಎರೆಮಣ್ಣಿನ ಧೂಳು ಗೋಡೆಗೆ ಕೂರುತ್ತದೆ. ಧೂಳು ಕೂತರೆ ಪುಡಿಗೆ ಬಿಸಿಲು ತಾಗದು. ಕುಡಿಯುವ ನೀರಿಗೇ ಪರದಾಡುವ ಬೇಸಿಗೆಯಲ್ಲಿ ಗೋಡೆ ತೊಳೆಯುವವರು ಯಾರು?

ರಾಶಿ ಮಾಡುವಾಗಿನ ಹೊಟ್ಟು, ಜಿನ್ನಿಂಗ್ ಕಾರ್ಖಾನೆಯ ಅರಳೆ ಧೂಳುಗಳಿಗಂತೂ ಈ ಲೇಪನ ಮದ್ದಲ್ಲ; ಅಲ್ಲಿ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು ಮೇಲು. ದನದ ಕೊಟ್ಟಿಗೆಯ ಘಾಟಿಗೂ ಇದನ್ನು ನಂಬಿ ಹಣ ಹಾಕಬಾರದು. ಕತ್ತಲೆಯ ಕೊಟ್ಟಿಗೆಯಲ್ಲಿ ಲೇಪನ ಕೆಲಸ ಮಾಡದು, ಮಾಮೂಲಿ ದೀಪದ ಬೆಳಕೂ ಸಾಲದು. ಗಾಳಿಗಿಂಡಿ ತೆರೆದು, ಗಂಜಲ ನಿಲ್ಲದಂತೆ ನೆಲಕ್ಕೆ ಇಳಿಜಾರು ಕೊಟ್ಟು, ಅದನ್ನು ತಿಪ್ಪೆಗೆ ಹರಿಸಿದರೆ ಘಾಟು ಇಳಿಯುತ್ತದೆ, ಗೊಬ್ಬರದ ಸಾರಜನಕವೂ ಉಳಿಯುತ್ತದೆ.