ಅಡುಗೆ ಎಣ್ಣೆ: ಆರೋಗ್ಯದ ಲೆಕ್ಕ, ವ್ಯಾಪಾರದ ಲೆಕ್ಕ

ವಾಣಿಜ್ಯ ಪತ್ರಿಕೆಯಲ್ಲಿ ಲೆಕ್ಕಪರಿಶೋಧಕನೊಬ್ಬನು ಅಡುಗೆ ಎಣ್ಣೆಯನ್ನು ಕುರಿತು ಬರೆಯುವುದನ್ನು ಕಂಡು ಕೆಲವು ಸದಸ್ಯರಿಗೆ ಆಶ್ಚರ್ಯವಾಗಬಹುದು. ಆದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಯಾವ ದಿನಸಿ ಅಂಗಡಿ, ಹೋಟೆಲು, ಬೇಕರಿ ಅಥವಾ ಕುರುಕಲು ತಿಂಡಿ ತಯಾರಿಸುವ ಘಟಕದ ಖರೀದಿ ಪುಸ್ತಕವನ್ನು ತೆರೆದರೂ ಎಣ್ಣೆಯ ಬಾಬತ್ತು ಮೊದಲ ಪುಟಗಳಲ್ಲಿಯೇ ಎದುರಾಗುತ್ತದೆ. ಅದೇ ಎಣ್ಣೆ ವ್ಯಾಪಾರಿಯ ಮನೆಯ ಒಲೆಗೂ ಹೋಗುತ್ತದೆ. ಅಂಗಡಿಯ ಎಣ್ಣೆಗೆ ಬಿಲ್ಲು ಇರುತ್ತದೆ. ಮನೆಯ ಎಣ್ಣೆಗೆ ಲೆಕ್ಕವೇ ಇರುವುದಿಲ್ಲ. ಈ ಎರಡನ್ನೂ ಒಟ್ಟಿಗೆ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕೊಬ್ಬು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುತ್ತೇವೆ. ಬಂಡವಾಳ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳುವುದಿಲ್ಲ. ಎಷ್ಟು, ಯಾವ ಬಗೆಯದು, ಎಷ್ಟು ಸಲ ತಿರುಗಿಸಿದ್ದು ಎಂದು ಕೇಳುತ್ತಾರೆ. ಎಣ್ಣೆಗೂ ಕೇಳಬೇಕಾದ ಪ್ರಶ್ನೆಗಳು ಇವೇ. ವ್ಯತ್ಯಾಸವೊಂದೇ: ಬಂಡವಾಳವನ್ನು ತಿರುಗಿಸಿದಷ್ಟೂ ಲಾಭ, ಎಣ್ಣೆಯನ್ನು ತಿರುಗಿಸಿದಷ್ಟೂ ನಷ್ಟ.

ಕೊಬ್ಬು ದೇಹಕ್ಕೆ ಅನಿವಾರ್ಯ. ಲಿನೋಲಿಯಿಕ್, ಆಲ್ಫಾ ಲಿನೋಲೆನಿಕ್ ಎಂಬ ಎರಡು ಕೊಬ್ಬಿನಾಮ್ಲಗಳನ್ನು ದೇಹವು ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಎ, ಡಿ, ಇ ಮತ್ತು ಕೆ ಜೀವಸತ್ವಗಳು ಕರಗುವುದು ಕೊಬ್ಬಿನಲ್ಲಿ. ನುಗ್ಗೆಸೊಪ್ಪಿನಲ್ಲಿ ಎಷ್ಟೇ ಸತ್ವವಿದ್ದರೂ ಒಂದಿಷ್ಟು ಎಣ್ಣೆಯ ಜೊತೆಯಿಲ್ಲದೆ ಅದರ ಎ ಜೀವಸತ್ವ ದೇಹಕ್ಕೆ ಸರಿಯಾಗಿ ಹತ್ತುವುದಿಲ್ಲ. ಒಗ್ಗರಣೆಯ ಮರ್ಮವೂ ಇಷ್ಟೇ. ಸಾಸಿವೆ, ಬೆಳ್ಳುಳ್ಳಿ, ಕರಿಬೇವುಗಳ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುವುದರಿಂದ ಎರಡು ಚಮಚ ಎಣ್ಣೆ ಒಂದು ಪಾತ್ರೆ ಸಾರಿಗೆ ರುಚಿ ಕೊಡುತ್ತದೆ.

ಅಂತೆಯೇ ಕೊಬ್ಬು ಬಲು ಭಾರವಾದ ಇಂಧನ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕ 4 ಕ್ಯಾಲೊರಿ ಕೊಟ್ಟರೆ, ಒಂದು ಗ್ರಾಂ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2010ರಲ್ಲಿ ಕೊಟ್ಟ ಪ್ರಮಾಣದಂತೆ, ಕೂತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 25 ಗ್ರಾಂ ಅಡುಗೆ ಎಣ್ಣೆ, ಕಷ್ಟದ ದುಡಿಮೆಯವನಿಗೆ 40 ಗ್ರಾಂ. ಹನೂರಿನ ಖುಷ್ಕಿ ಹೊಲದಲ್ಲಿ ಆರು ಕಟ್ಟಿ ಉಳುವವನಿಗೂ ಗಲ್ಲಾಪೆಟ್ಟಿಗೆಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಕೂರುವ ನಮ್ಮಂಥವರಿಗೂ ಒಂದೇ ಅಳತೆ ಸಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು 2000 ಕ್ಯಾಲೊರಿಯ ದಿನದ ಊಟಕ್ಕೆ 27 ಗ್ರಾಂ ಎಣ್ಣೆ ಮತ್ತು ಕೊಬ್ಬನ್ನು ಸೂಚಿಸಿದೆ. ಟೀ ಚಮಚದಲ್ಲಿ ಅಳೆದರೆ ಇದು ಆರು ಚಮಚ. ತುಪ್ಪ, ಬೆಣ್ಣೆ, ಹೊರಗೆ ತಿಂದ ವಡೆ ಎಲ್ಲವೂ ಇದರೊಳಗೇ ಬರಬೇಕು.

ನಮ್ಮ ಭಾಗದ ಹಳೆಯ ಊಟ ಈ ಮಿತಿಯನ್ನು ಯಾರೂ ಹೇಳದೆಯೇ ಪಾಲಿಸುತ್ತಿತ್ತು. ಮುದ್ದೆ, ಉಪ್ಪೆಸರು, ಬಸ್ಸಾರುಗಳಲ್ಲಿ ಎಣ್ಣೆ ಒಗ್ಗರಣೆಗೆ ಮಾತ್ರ. ಉಳಿದ ಕೊಬ್ಬು ಕಾಳಿನ ರೂಪದಲ್ಲಿಯೇ ಬರುತ್ತಿತ್ತು: ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹುಚ್ಚೆಳ್ಳಿನ ಚಟ್ನಿ, ಕಡಲೆಕಾಯಿ, ಎಳ್ಳು, ತೆಂಗಿನಕಾಯಿ. ಎಣ್ಣೆ ದುಬಾರಿಯಾದುದರಿಂದ ಕರಿದ ತಿಂಡಿ ಹಬ್ಬಕ್ಕೆ ಮೀಸಲು. ಇಂದು ಸಂಜೆಯಾದರೆ ಪ್ರತಿ ಬೀದಿಯ ತುದಿಯಲ್ಲಿಯೂ ಬಾಣಲೆ ಕಾಯುತ್ತಿರುತ್ತದೆ. ವ್ಯಾಪಾರದ ದೃಷ್ಟಿಯಿಂದ ಇದು ಬೆಳವಣಿಗೆ. ದೂರುವುದು ನನ್ನ ಕೆಲಸವಲ್ಲ.

ಮನೆಯ ಲೆಕ್ಕವನ್ನು ಹೀಗೆ ಮಾಡಬಹುದು. ನಾಲ್ವರು ವಯಸ್ಕರ ಮನೆಗೆ ದಿನಕ್ಕೆ ತಲಾ 27 ಗ್ರಾಂನಂತೆ ತಿಂಗಳಿಗೆ 3,240 ಗ್ರಾಂ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ ಇದು ಮೂರೂವರೆ ಲೀಟರಿಗೆ ತುಸು ಹೆಚ್ಚು. ತಮ್ಮ ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಹೋಗುತ್ತಿದೆ ಎಂಬುದನ್ನು ಮೂರು ತಿಂಗಳು ಬರೆದಿಟ್ಟು ತಲೆ ಎಣಿಸಿ ಭಾಗಿಸಿದರೆ, ವೈದ್ಯರ ಬಳಿ ಹೋಗುವ ಮೊದಲೇ ಅರ್ಧ ಉತ್ತರ ಸಿಗುತ್ತದೆ. ನೀತಿ ಆಯೋಗದ 2024ರ ವರದಿಯ ಪ್ರಕಾರ ದೇಶದಲ್ಲಿ ತಲಾ ಬಳಕೆ ವರ್ಷಕ್ಕೆ 19.7 ಕಿಲೋ, ಅಂದರೆ ದಿನಕ್ಕೆ 54 ಗ್ರಾಂ. ಇದರಲ್ಲಿ ಹೋಟೆಲು, ಬೇಕರಿಗಳ ಪಾಲೂ ಸೇರಿದೆ ಎಂಬುದು ನಿಜ. ಆದರೆ ಅದನ್ನೂ ತಿನ್ನುವವರು ನಾವೇ. 2022–23ರಲ್ಲಿ ಬೇಡಿಕೆಯ ಶೇ. 57ರಷ್ಟು ಎಣ್ಣೆ ಹೊರದೇಶಗಳಿಂದ ಬಂದಿತೆಂದು ಅದೇ ವರದಿ ತಿಳಿಸುತ್ತದೆ.

ಯಾವ ಎಣ್ಣೆ?

ಗಿರಾಕಿಗಳು ಅಂಗಡಿಯಲ್ಲಿ ಕೇಳುವ ಪ್ರಶ್ನೆ ಇದು. ಉತ್ತರ ಹೇಳುವವರು ಹೆಚ್ಚಾಗಿ ನಮ್ಮ ದಿನಸಿ ವ್ಯಾಪಾರಿಗಳೇ. ಮೊದಲು ಒಂದು ಭ್ರಮೆಯನ್ನು ಬಿಡಬೇಕು. ಎಣ್ಣೆಯ ಪ್ಯಾಕೆಟ್ಟಿನ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ದಪ್ಪಕ್ಷರದಲ್ಲಿ ಮುದ್ರಿಸುವುದುಂಟು. ಕೊಲೆಸ್ಟರಾಲ್ ಪ್ರಾಣಿಜನ್ಯ ಆಹಾರದಲ್ಲಿರುವ ವಸ್ತು. ಸಸ್ಯದ ಎಣ್ಣೆ ಯಾವುದರಲ್ಲಿಯೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಉಪ್ಪಿನ ಪ್ಯಾಕೆಟ್ಟಿನ ಮೇಲೆ ‘ಸಕ್ಕರೆ ರಹಿತ’ ಎಂದು ಬರೆದಂತೆ ಇದು. ರಕ್ತದ ಕೊಲೆಸ್ಟರಾಲನ್ನು ಏರಿಸುವುದು ಹೆಚ್ಚಾಗಿ ಪರ್ಯಾಪ್ತ ಕೊಬ್ಬು, ಅಂದರೆ ಲೇಬಲಿನಲ್ಲಿ ಸ್ಯಾಚುರೇಟೆಡ್ ಎಂದು ಕಾಣುವ ಅಂಶ, ಮತ್ತು ಟ್ರಾನ್ಸ್ ಕೊಬ್ಬು.

ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ. 90ರ ಆಸುಪಾಸು, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ, ಕಡಲೆಕಾಯಿ ಎಣ್ಣೆಯಲ್ಲಿ ಐದನೆಯ ಒಂದು ಪಾಲಿನಷ್ಟು. ಸೂರ್ಯಕಾಂತಿ, ಹುಚ್ಚೆಳ್ಳೆಣ್ಣೆಗಳಲ್ಲಿ ಲಿನೋಲಿಯಿಕ್ ಆಮ್ಲ ಹೆಚ್ಚು; ಇವು ಒಗ್ಗರಣೆಗೆ ಸೊಗಸು, ಆದರೆ ಮತ್ತೆ ಮತ್ತೆ ಕರಿಯುವ ಬಾಣಲೆಯಲ್ಲಿ ಬೇಗ ಕೆಡುತ್ತವೆ. ಆ ಕೆಲಸಕ್ಕೆ ಕಡಲೆಕಾಯಿ ಎಣ್ಣೆ ಹೆಚ್ಚು ತಾಳುತ್ತದೆ. ಎಳ್ಳೆಣ್ಣೆಯನ್ನು ನಮ್ಮವರು ಒಳ್ಳೆಣ್ಣೆ ಎಂದೇ ಕರೆದರು; ಅದರಲ್ಲಿ ಬೇಗ ಹಳಸದಂತೆ ಕಾಯುವ ಅಂಶಗಳು ಸಹಜವಾಗಿಯೇ ಇವೆ, ಉಪ್ಪಿನಕಾಯಿಗೆ ಅದು ಒಗ್ಗಿದ್ದು ಸುಮ್ಮನಲ್ಲ. ಒಂದೇ ಎಣ್ಣೆಗೆ ಅಂಟಿಕೊಳ್ಳದೆ ಎರಡು ಮೂರನ್ನು ಬದಲಿಸಿ ಬಳಸುವುದು ಲೇಸೆಂದು ಪೋಷಣಾ ತಜ್ಞರು ಹೇಳುತ್ತಾರೆ. ಬಿಸಿ ಅನ್ನಕ್ಕೆ ಒಂದು ಚಮಚ ತುಪ್ಪ ಅಪರಾಧವೇನಲ್ಲ, ಆರು ಚಮಚದ ಲೆಕ್ಕದಲ್ಲಿ ಅದನ್ನು ಹಿಡಿಯುವುದಾದರೆ.

ಗಾಣದ ಎಣ್ಣೆಗೆ ಈಚಿನ ವರ್ಷಗಳಲ್ಲಿ ಮತ್ತೆ ಬೇಡಿಕೆ ಬಂದಿದೆ. ಅದರ ಪರಿಮಳ ಮತ್ತು ಕಾಳಿನ ಸಹಜ ಅಂಶಗಳು ಉಳಿದಿರುತ್ತವೆ ಎಂಬುದು ಸರಿ. ಆದರೆ ಕ್ಯಾಲೊರಿಯಲ್ಲಿ ಕಾಸಿನಷ್ಟೂ ರಿಯಾಯಿತಿ ಇಲ್ಲ. ಇಲ್ಲಿ ಕೊಳ್ಳುವವರಿಗೆ ಲೆಕ್ಕವೇ ಉತ್ತಮ ಪರೀಕ್ಷೆ. ಮರಗಾಣದಲ್ಲಿ 100 ಕಿಲೋ ಕಡಲೆಬೀಜ ಹಾಕಿದರೆ ಸುಮಾರು 40 ಕಿಲೋ ಎಣ್ಣೆ ಬರುತ್ತದೆ, ಉಳಿದದ್ದು ಹಿಂಡಿ. ಅಂದರೆ ಒಂದು ಕಿಲೋ ಎಣ್ಣೆಗೆ ಎರಡೂವರೆ ಕಿಲೋ ಬೀಜ. ಲೆಕ್ಕಕ್ಕಾಗಿ ಬೀಜ ಕಿಲೋಗೆ 120 ರೂಪಾಯಿ, ಹಿಂಡಿ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಬೀಜಕ್ಕೆ 300, ಹಿಂಡಿಯಿಂದ 60 ವಾಪಸು. ಎಣ್ಣೆಯ ಅಸಲು ಕಿಲೋಗೆ 240, ಲೀಟರಿಗೆ 218 ರೂಪಾಯಿ. ಇದಕ್ಕೆ ಗಾಣದ ಕೂಲಿ, ವಿದ್ಯುತ್ತು, ಬಾಟಲಿ, ಲಾಭ ಸೇರಬೇಕು. ಅಂಥ ದಿನಗಳಲ್ಲಿ ಲೀಟರಿಗೆ 180 ರೂಪಾಯಿಗೆ ‘ಶುದ್ಧ ಗಾಣದ ಎಣ್ಣೆ’ ಸಿಕ್ಕಿದರೆ ಅದರಲ್ಲಿ ಬೇರೇನೋ ಬೆರೆತಿದೆ ಎಂದು ಪ್ರಯೋಗಾಲಯಕ್ಕೆ ಕಳಿಸದೆಯೇ ಹೇಳಬಹುದು. ತುಪ್ಪಕ್ಕೂ ಇದೇ ಕ್ರಮ: ಶೇ. 4 ಜಿಡ್ಡಿನ ಹಸುವಿನ ಹಾಲಾದರೆ ಒಂದು ಕಿಲೋ ತುಪ್ಪಕ್ಕೆ 25 ಲೀಟರಾದರೂ ಬೇಕು.

ಕಿಲೋ ಮತ್ತು ಲೀಟರಿನ ನಡುವಣ ಶೇ. 9ರ ಅಂತರವನ್ನೂ ಮರೆಯಬಾರದು. ಎಣ್ಣೆ ಬಿಸಿಯಾದಷ್ಟೂ ಹಿಗ್ಗುತ್ತದೆ. ಹೆಚ್ಚಿನ ಉಷ್ಣಾಂಶ ನಮೂದಿಸಿ ಅಳತೆ ತುಂಬಿದರೆ ಪ್ಯಾಕೆಟ್ಟಿನ ತೂಕ ಕಡಿಮೆಯಾಗುತ್ತದೆ. ಈ ಜಾಣತನ ಕಂಡುಬಂದ ಮೇಲೆ ಕೇಂದ್ರ ಸರ್ಕಾರವು 2022ರಲ್ಲಿ, ಉಷ್ಣಾಂಶವನ್ನು ನಮೂದಿಸದೆ ಅಳತೆಯ ಜೊತೆಗೆ ತೂಕವನ್ನೂ ಮುದ್ರಿಸುವಂತೆ ತಯಾರಕರಿಗೆ ಸೂಚಿಸಿತು. ಸಗಟು ಖರೀದಿಯಲ್ಲಿ ತೂಕದ ಸಾಲನ್ನೇ ನೋಡತಕ್ಕದ್ದು.

ಬಿಡಿ ಎಣ್ಣೆಯನ್ನು ಡಬ್ಬದಿಂದ ಅಳೆದು ಕೊಡುವುದನ್ನು ಕಾನೂನು ಏಕೆ ತಡೆಯುತ್ತದೆ ಎಂದು ಗಾಣದ ಮಾಲೀಕರು ಕೇಳುವುದುಂಟು. 1998ರಲ್ಲಿ ದೆಹಲಿಯಲ್ಲಿ ದತ್ತೂರಿಗಿಡದ, ಅಂದರೆ ಆರ್ಜಿಮೋನ್ ಬೀಜದ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು 60ಕ್ಕೂ ಹೆಚ್ಚು ಜನರು ತೀರಿಕೊಂಡರು. ಅದೇ ವರ್ಷ ಪ್ಯಾಕಿಂಗ್ ಕಡ್ಡಾಯಗೊಳಿಸುವ ಆದೇಶ ಬಂದಿತು. ರಾಜ್ಯ ಸರ್ಕಾರ ವಿನಾಯಿತಿ ಕೊಟ್ಟ ಹೊರತು ಬಿಡಿ ಮಾರಾಟ ಕೂಡದೆಂಬ ನಿಯಮ 2011ರ ಆಹಾರ ಸುರಕ್ಷತಾ ನಿಯಮಾವಳಿಯಲ್ಲಿಯೂ ಇದೆ. ಬಾಟಲಿಗೆ ಹಾಕಿ ಮುದ್ರೆಯೊತ್ತಿ ಲೇಬಲು ಅಂಟಿಸಿದರೆ ಸಣ್ಣ ಗಾಣಕ್ಕೂ ಅದರಿಂದ ಹೆಸರು ಬರುತ್ತದೆ. ಆದರೆ ಎಣ್ಣೆಗೆ ಜಿ.ಎಸ್.ಟಿ. ಶೇ. 5, ಪ್ಲಾಸ್ಟಿಕ್ ಬಾಟಲಿಗೆ ಶೇ. 18. ಈ ಏರುಪೇರಿನಿಂದ ಉಳಿದುಹೋಗುವ ತೆರಿಗೆ ಜಮೆಯನ್ನು ಖಾದ್ಯ ತೈಲದವರಿಗೆ ಮರುಪಾವತಿಸುವುದನ್ನು 2022ರ ಜುಲೈ 18ರಿಂದ ನಿಲ್ಲಿಸಲಾಗಿದೆ. ಬಳಕೆಯಾಗದೆ ನಿಲ್ಲುವ ಜಮೆಯನ್ನು ಬರತಕ್ಕ ಹಣವೆಂದು ತೋರಿಸದೆ ಬಾಟಲಿಯ ಖರ್ಚಿಗೇ ಸೇರಿಸಿ ದರ ಕಟ್ಟುವುದು ಕ್ಷೇಮ.

ಡಾಲ್ಡಾ ಮತ್ತು ಬಾಣಲೆ

1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಒಂದು ಕಂಪನಿಯ ಗುರುತು. ನಮ್ಮ ಜನರ ಬಾಯಲ್ಲಿ ಅದು ವನಸ್ಪತಿಗೇ ಹೆಸರಾಯಿತು. ದ್ರವ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವಾಗ, ಆ ಕ್ರಿಯೆ ಅರ್ಧದಲ್ಲಿ ನಿಂತರೆ, ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ. ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿ 2021ರ ಜನವರಿಯಿಂದ ಶೇ. 3, 2022ರ ಜನವರಿಯಿಂದ ಶೇ. 2. ಎಣ್ಣೆ ಹಾಕಿ ಮಾಡಿದ ತಿಂಡಿಗೂ, ಅದರೊಳಗಿನ ಕೊಬ್ಬಿನ ಮೇಲೆ ಲೆಕ್ಕ ಹಾಕಿ, ಶೇ. 2ರ ಮಿತಿ ಅನ್ವಯಿಸುತ್ತದೆ. ಪಫ್, ಬಿಸ್ಕತ್ತು ಮಾಡುವ ಬೇಕರಿಯವರು ಹೆಸರಿಲ್ಲದ ಡಬ್ಬದ ಕೊಬ್ಬನ್ನು ಕೊಳ್ಳದೆ, ಟ್ರಾನ್ಸ್ ಕೊಬ್ಬಿನ ಪ್ರಮಾಣ ನಮೂದಾಗಿರುವ ಸರಕನ್ನೇ ಬಿಲ್ಲಿನೊಡನೆ ಪಡೆಯಬೇಕು.

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಬಾಣಲೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯುದ್ದಕ್ಕೂ ಜನಜಂಗುಳಿ. ಕರಿಯುವ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಕಾದ ಎಣ್ಣೆಗೆ ಹಿಟ್ಟಿನ ನೀರು, ಉಪ್ಪು, ಗಾಳಿ, ಉದುರಿದ ಕರಕಲು ಸೇರಿ ಅದು ಒಡೆಯುತ್ತ ಹೋಗುತ್ತದೆ. ಬಣ್ಣ ಕಪ್ಪಾಗಿ, ನೊರೆ ಕಟ್ಟಿ, ಅಂಟಂಟಾಗಿ, ಮೊದಲಿಗಿಂತ ಕಡಿಮೆ ಬಿಸಿಯಲ್ಲೇ ಹೊಗೆಯಾಡುತ್ತದೆ. ಹೀಗೆ ಕೆಟ್ಟ ಭಾಗವನ್ನು ‘ಒಟ್ಟು ಪೋಲಾರ್ ಸಂಯುಕ್ತ’ ಎಂದು ಅಳೆಯುತ್ತಾರೆ. 2018ರ ಜುಲೈ 1ರಿಂದ ಇದು ಶೇ. 25 ದಾಟಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಕೈಯಲ್ಲಿ ಹಿಡಿದು ಅಳೆಯುವ ಉಪಕರಣಗಳೂ ಬಂದಿವೆ.

ಹಳೆಯ ಎಣ್ಣೆಗೆ ಹೊಸದನ್ನು ಸುರಿಯುತ್ತ ಹೋದರೆ ಉಳಿತಾಯವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಹಳೆಯದು ಹೊಸದನ್ನೂ ಬೇಗ ಕೆಡಿಸುತ್ತದೆ. ಲೆಕ್ಕವನ್ನೇ ನೋಡೋಣ. ದಿನಕ್ಕೆ 800 ವಡೆ ಮಾರುವ ಅಂಗಡಿಯು ರಾತ್ರಿ ಎರಡು ಲೀಟರ್ ಎಣ್ಣೆಯನ್ನು ತೆಗೆದಿಡುತ್ತದೆ ಎನ್ನಿ. ಹೊಸ ಎಣ್ಣೆ ಲೀಟರಿಗೆ 150 ರೂಪಾಯಿ, ಬಳಸಿದ್ದಕ್ಕೆ 50 ರೂಪಾಯಿ ಸಿಕ್ಕಿದರೆ ನಷ್ಟ 200 ರೂಪಾಯಿ. ವಡೆಗೆ 25 ಪೈಸೆ. ಈ 25 ಪೈಸೆಗಾಗಿ, ದಿನವೂ ಬರುವ ಅದೇ ಗಿರಾಕಿಗೆ ಕೆಟ್ಟ ಎಣ್ಣೆ ತಿನ್ನಿಸುವುದು ಯಾವ ವ್ಯಾಪಾರ? 2006ರ ಆಹಾರ ಸುರಕ್ಷತಾ ಕಾಯಿದೆಯಡಿ ಕಳಪೆ ಆಹಾರಕ್ಕೆ 5 ಲಕ್ಷ ರೂಪಾಯಿಯವರೆಗೆ ದಂಡವಿದೆ. ಆ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವೆಚ್ಚವೆಂದು ಕಳೆಯಲೂ ಬಾರದು. ಕರಕಲನ್ನು ಆಗಾಗ ಸೋಸುವುದು, ಉಪ್ಪನ್ನು ಕರಿದ ಮೇಲೆ ಉದುರಿಸುವುದು, ಗಿರಾಕಿ ಇಲ್ಲದಾಗ ಉರಿ ತಗ್ಗಿಸುವುದು, ಇಷ್ಟರಿಂದಲೇ ಎಣ್ಣೆ ಹೆಚ್ಚು ಹೊತ್ತು ಬಾಳುತ್ತದೆ.

ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವ ಘಟಕಗಳು 2019ರ ಮಾರ್ಚ್ 1ರಿಂದ ಅದರ ದಾಖಲೆ ಇಡಬೇಕು ಮತ್ತು ಬಳಸಿದ ಎಣ್ಣೆಯನ್ನು ನೋಂದಾಯಿತ ಸಂಗ್ರಾಹಕರಿಗೇ ಕೊಡಬೇಕು. ಅದು ಜೈವಿಕ ಡೀಸೆಲ್ ತಯಾರಿಕೆಗೆ ಹೋಗುತ್ತದೆ. ನಮ್ಮ ಸಣ್ಣ ಅಂಗಡಿಗಳು ಈ ಮಿತಿಯ ಒಳಗಿವೆ. ಆದರೆ ಎರಡು ಲೀಟರಿಗಾಗಿ ಯಾವ ಸಂಗ್ರಾಹಕನೂ ಹನೂರಿನವರೆಗೆ ಬರಲಾರ. ಒಂದೊಂದು ಬೀದಿಯ ಅಂಗಡಿಯವರು ತಮ್ಮ ತಮ್ಮ ಎಣ್ಣೆಯನ್ನು ಸೋಸಿ ಕ್ಯಾನುಗಳಲ್ಲಿ ತುಂಬಿಟ್ಟು, ಹದಿನೈದು ದಿನಕ್ಕೊಮ್ಮೆ ಒಂದೆಡೆ ಸೇರಿಸಿದರೆ ಗಾಡಿ ಬರುವಷ್ಟು ಸರಕಾಗುತ್ತದೆ. ಯಾರಿಂದ ಎಷ್ಟು ಬಂದಿತೆಂದು ಒಂದು ಪುಸ್ತಕ, ಬಂದ ಹಣಕ್ಕೆ ರಸೀದಿ, ಆ ಹಣ ಆಯಾ ಅಂಗಡಿಯ ವಹಿವಾಟಿನ ಲೆಕ್ಕಕ್ಕೆ. ಆಸಕ್ತ ಸದಸ್ಯರು ಸಂಸ್ಥೆಯ ಕಚೇರಿಯಲ್ಲಿ ಹೆಸರು ಬರೆಸಿದರೆ ಸಂಗ್ರಾಹಕರೊಡನೆ ಒಟ್ಟಾಗಿಯೇ ದರ ಮಾತಾಡಬಹುದು.